ಇಲ್ಲಿಟ್ಟ ಅನ್ನ ಅಲ್ಲಿಗೆ ತಲುಪುತ್ತದೆಯೇ?

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡು ಮುಂದಿನ ತಿಂಗಳಿಗೆ ಒಂದು ವರ್ಷ. ವರ್ಷಾಬ್ದಿಕ ಮಾಡಬೇಕಾದವನು ಒಬ್ಬನೇ ಮಗ. “ಅಮ್ಮ, ಇಲ್ಲಿ ಎಲೆ ಮೇಲೆ ಬಡಿಸಿದ್ದು ಅಪ್ಪನಿಗೆ ಹೇಗೆ ಹೋಗುತ್ತೆ? ನಂಬಿಕೆಯಿಲ್ಲದೆ ಕೂತರೆ ಅದು ನಾಟಕ ಅಲ್ವಾ?” ಅಂತಾನೆ. ಅಪ್ಪನ ಮೇಲೆ ಪ್ರಾಣ ಇಟ್ಟುಕೊಂಡಿದ್ದ ಹುಡುಗ. ಬಲವಂತ ಮಾಡಲೇ, ಬಿಟ್ಟುಬಿಡಲೇ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ತಾಯಿ, ಮೊದಲು ಒಂದು ಸಮಾಧಾನ. ನಿಮ್ಮ ಮಗ ಕೇಳಿದ್ದು ಉದ್ಧಟತನದ ಪ್ರಶ್ನೆಯಲ್ಲ, ಬಹಳ ಹಳೆಯ ಪ್ರಶ್ನೆ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಜಾಬಾಲಿ ಇದನ್ನೇ ಶ್ರೀರಾಮನ ಮುಂದೆ ಎತ್ತುತ್ತಾನೆ. ವಿದ್ಯಾರಣ್ಯರದೆಂದು ಪರಂಪರೆ ಹೇಳುವ, 14ನೇ ಶತಮಾನದ ‘ಸರ್ವದರ್ಶನಸಂಗ್ರಹ’ ಆರಂಭವಾಗುವುದೇ ಚಾರ್ವಾಕ ದರ್ಶನದಿಂದ. ಅಲ್ಲಿನ ಆಕ್ಷೇಪ ಹೀಗಿದೆ: ಇಲ್ಲಿ ಕೊಟ್ಟದ್ದು ಪರಲೋಕದವರಿಗೆ ತೃಪ್ತಿ ಕೊಡುವುದಾದರೆ, ಪ್ರಯಾಣಕ್ಕೆ ಹೊರಟವನಿಗೆ ಬುತ್ತಿ ಯಾಕೆ? ಕೆಳಗಡೆ ಬಡಿಸಿದರೆ ಮಹಡಿ ಮೇಲಿದ್ದವನ ಹೊಟ್ಟೆ ಯಾಕೆ ತುಂಬುವುದಿಲ್ಲ? ನಮ್ಮ ಹಿರಿಯರು ಈ ಮಾತನ್ನು ಮುಚ್ಚಿಡಲಿಲ್ಲ, ಗ್ರಂಥದಲ್ಲೇ ಬರೆದಿಟ್ಟರು. ಪೂರ್ವಪಕ್ಷವನ್ನು ಅದರ ಪೂರ್ತಿ ಬಲದೊಂದಿಗೆ ಹೇಳದೆ ಸಿದ್ಧಾಂತಕ್ಕೆ ಹೋಗಬಾರದು ಎಂಬುದು ನಮ್ಮ ಶಾಸ್ತ್ರಪದ್ಧತಿ. ಹಾಗಾಗಿ ನೀವೂ ಮಗನ ಬಾಯಿ ಮುಚ್ಚಿಸಬೇಡಿ.

ಈಗ ಉತ್ತರಕ್ಕೆ ಬರೋಣ. ಚಾರ್ವಾಕನ ಉದಾಹರಣೆ ಒಂದು ಊಹೆಯ ಮೇಲೆ ನಿಂತಿದೆ. ಇಲ್ಲಿಟ್ಟ ಅನ್ನವೇ ಕೊರಿಯರ್‌ನಂತೆ ಅಲ್ಲಿಗೆ ಹೋಗುತ್ತದೆ ಎಂಬ ಊಹೆ ಅದು. ಶಾಸ್ತ್ರ ಹಾಗೆ ಹೇಳುವುದಿಲ್ಲ. ತಂದೆ, ತಾತ, ಮುತ್ತಾತ ಈ ಮೂವರನ್ನು ಕ್ರಮವಾಗಿ ವಸು, ರುದ್ರ, ಆದಿತ್ಯ ರೂಪದಲ್ಲಿ ಆರಾಧಿಸುತ್ತೇವೆ. ಆ ದೇವತೆಗಳು ತೃಪ್ತರಾಗಿ ಪಿತೃಗಳನ್ನು ತೃಪ್ತಿಪಡಿಸುತ್ತಾರೆ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಇದಕ್ಕೆ ‘ಮಿತಾಕ್ಷರಾ’ ಬರೆದವರು ನಮ್ಮ ಕಲ್ಯಾಣದ ವಿಜ್ಞಾನೇಶ್ವರರು, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವರು. ಅವರು ಕೊಡುವ ಹೋಲಿಕೆ ನಿಮಗೆ ಇಷ್ಟವಾಗುತ್ತದೆ. ಬಯಕೆಯ ಊಟ ಬಡಿಸಿದಾಗ ಗರ್ಭಿಣಿ ತಾನೂ ತೃಪ್ತಳಾಗುತ್ತಾಳೆ, ಹೊಟ್ಟೆಯೊಳಗಿನ ಕೂಸನ್ನೂ ತೃಪ್ತಿಪಡಿಸುತ್ತಾಳೆ, ಬಡಿಸಿದವರಿಗೂ ಒಳ್ಳೆಯದು ಮಾಡುತ್ತಾಳೆ. ಕೂಸಿಗೆ ನಾವು ನೇರವಾಗಿ ಉಣಿಸಲಿಲ್ಲ, ಆದರೂ ತಲುಪಿತು.

“ಸರಿ, ಅಪ್ಪ ಆಗಲೇ ಬೇರೆ ಜನ್ಮ ತಾಳಿದ್ದರೆ?” ಎಂದು ಮಗ ಕೇಳಬಹುದು. ಮತ್ಸ್ಯಪುರಾಣ ಇದಕ್ಕೆ ಉತ್ತರ ಕೊಡುತ್ತದೆ: ನಾಮ, ಗೋತ್ರ, ಮಂತ್ರಗಳ ಮೂಲಕ ಸಲ್ಲಿಸಿದ್ದು ಅವರು ಇರುವ ಸ್ಥಿತಿಗೆ ತಕ್ಕಂತೆ ಒದಗುತ್ತದೆ. ದೇವತ್ವದಲ್ಲಿದ್ದರೆ ಅಮೃತ, ಪಶುವಾಗಿದ್ದರೆ ಹುಲ್ಲು.

ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ. ಅವರವರ ಕರ್ಮಫಲ ಅವರವರಿಗೇ ಅನ್ನುತ್ತೀರಿ. ಹಾಗಿದ್ದರೆ ಮಗ ಮಾಡಿದ್ದು ಅಪ್ಪನಿಗೆ ಹೇಗೆ ಸಲ್ಲುತ್ತದೆ? ಮೀಮಾಂಸಕರ ಸಾಮಾನ್ಯ ನಿಯಮವೂ ಕರ್ಮ ಮಾಡಿದವನಿಗೇ ಫಲ ಎಂಬುದೇ. ಆದರೆ ಮಗು ಹುಟ್ಟಿದಾಗ ತಂದೆ ಮಾಡುವ ವೈಶ್ವಾನರೇಷ್ಟಿಯ ಫಲ ಮಗುವಿಗೆ ಎಂದು ಅವರೇ ಒಪ್ಪುತ್ತಾರೆ, ಯಾಕೆಂದರೆ ಶ್ರುತಿ ಅಲ್ಲಿ ಹಾಗೆ ಹೇಳಿದೆ. ತಂದೆ ಮಾಡಿದ್ದು ಮಗನಿಗೆ ಸಲ್ಲುವುದಾದರೆ, ಮಗ ಮಾಡಿದ್ದು ತಂದೆಗೆ ಸಲ್ಲುವುದರಲ್ಲಿ ವಿರೋಧವೇನೂ ಇಲ್ಲ.

ಇಷ್ಟು ಹೇಳಿದ ಮೇಲೂ ನಿಮ್ಮ ಮಗ, “ಇದೆಲ್ಲ ಶಾಸ್ತ್ರ ಒಪ್ಪಿದವರಿಗೆ ತಾನೇ?” ಎನ್ನಬಹುದು. ಆ ಮಾತು ನಿಜ. ಗರ್ಭಿಣಿಯ ದೃಷ್ಟಾಂತ ‘ಹೇಗೆ’ ಎಂಬುದನ್ನು ತಿಳಿಸುತ್ತದೆ, ‘ಹೌದು’ ಎಂಬುದನ್ನು ಸಾಧಿಸುವುದಿಲ್ಲ. ತಲುಪುತ್ತದೆ ಎಂಬುದಕ್ಕೆ ಪ್ರತ್ಯಕ್ಷ ಪ್ರಮಾಣ ಇಲ್ಲ. ಶಬ್ದಪ್ರಮಾಣ ಇದೆ, ಅಂದರೆ ಶಾಸ್ತ್ರವಾಕ್ಯ. ನಾನು ಅದನ್ನು ಒಪ್ಪುತ್ತೇನೆ. ಒಪ್ಪದವನಿಗೆ ಅದನ್ನೇ ಮತ್ತೆ ಮತ್ತೆ ಜೋರಾಗಿ ಹೇಳಿದರೆ ಅದು ವಾದ ಆಗುವುದಿಲ್ಲ.

ಅಂಥವನ ಮುಂದೆ ಇಡಬಹುದಾದ ಇನ್ನೊಂದು ಮಾತಿದೆ. ಅದು ಋಣದ ಮಾತು. ಮನುಷ್ಯ ದೇವ, ಋಷಿ, ಪಿತೃ ಎಂಬ ಮೂರು ಋಣ ಹೊತ್ತೇ ಹುಟ್ಟುತ್ತಾನೆ ಎಂದು ವೇದ ಹೇಳುತ್ತದೆ. “ಸಾಲ ಕೊಟ್ಟವರೇ ಇಲ್ಲದ ಮೇಲೆ ಯಾರಿಗೆ ತೀರಿಸಲಿ?” ಎಂದರೆ ಒಂದು ಪ್ರಶ್ನೆ ಕೇಳಿ: ಅಪ್ಪ ಕೊನೆಗಾಲದಲ್ಲಿ ಒಂದು ಮಾತು ತೆಗೆದುಕೊಂಡಿದ್ದರೆ, ಅವರಿಗಿನ್ನು ಗೊತ್ತಾಗುವುದಿಲ್ಲವಲ್ಲ ಎಂದು ನೀನು ಅದನ್ನು ಮುರಿಯುತ್ತೀಯಾ? ಯಾವ ನಂಬಿಕೆಯೂ ಇಲ್ಲದವರಿಗೂ ಮುರಿಯಲು ಮನಸ್ಸು ಬರುವುದಿಲ್ಲ. ಅಂದರೆ ಸತ್ತವರ ಬಗ್ಗೆ ನಮಗೆ ಕರ್ತವ್ಯ ಉಂಟು ಎಂದು ಅವನೂ ಒಪ್ಪಿದ ಹಾಗಾಯಿತು. ಅನ್ನ ತಲುಪುತ್ತದೆ ಎಂದು ಇದರಿಂದ ಸಿದ್ಧವಾಗಲಿಲ್ಲ, ಸರಿ. ಆದರೆ ಇಲ್ಲದವರಿಗಾಗಿ ಮಾಡುವುದೆಲ್ಲ ಅರ್ಥಹೀನ ಎಂಬ ಮಾತು ಬಿದ್ದುಹೋಯಿತು.

“ಹಾಗಾದ್ರೆ ಫೋಟೋಗೆ ಹಾರ ಹಾಕಿದರೆ ಸಾಕಲ್ಲ?” ನೆನಪು ಮಾತ್ರವೇ ಗುರಿಯಾದರೆ ಸಾಕಿತ್ತು. ಆದರೆ ತರ್ಪಣದ ಮಂತ್ರಗಳನ್ನು ಅರ್ಥ ತಿಳಿದು ಓದಿ ನೋಡಿ. ನಮ್ಮ ಅಪ್ಪ, ತಾತ, ಮುತ್ತಾತರಿಗೆ ನೀರು ಕೊಟ್ಟ ಮೇಲೆ, ಬಂಧುಗಳೇ ಇಲ್ಲದವರಿಗೂ, ಬೇರೆ ಜನ್ಮದಲ್ಲಿ ಬಂಧುಗಳಾಗಿದ್ದವರಿಗೂ ಕೊಡುತ್ತೇವೆ. ನೆನಪು ನಾವು ನೋಡಿದವರಿಗಷ್ಟೇ ಸಾಲುತ್ತದೆ. ಮುಖವೇ ನೋಡದ ಮುತ್ತಾತನ ತನಕ, ನಮಗೇನೂ ಅಲ್ಲದವರ ತನಕ ಮನಸ್ಸನ್ನು ಹಿಗ್ಗಿಸುವುದಕ್ಕೆ ಕ್ರಿಯೆ ಬೇಕು.

ಇನ್ನು ಚಾರ್ವಾಕ ಹೇಳುವ ಮತ್ತೊಂದು ಮಾತು, ಇದೆಲ್ಲ ಪುರೋಹಿತರ ಹೊಟ್ಟೆಪಾಡಿಗೆ ಎಂಬುದು. ಶ್ರಾದ್ಧ ಆಡಂಬರವಾದ ಕಡೆ ಈ ಮಾತು ನಾಟುತ್ತದೆ. ಆದರೆ ದುಡ್ಡಿದ್ದವನೂ ಶ್ರಾದ್ಧವನ್ನು ವಿಸ್ತರಿಸಬಾರದು, ಕೆಲವೇ ಜನಕ್ಕೆ ಉಣಿಸಬೇಕು ಎಂದು ಮನುಸ್ಮೃತಿಯೇ ಹೇಳುತ್ತದೆ. ಏನೂ ಇಲ್ಲದವನು ಹಸುವಿಗೆ ಒಂದು ಹಿಡಿ ಹುಲ್ಲು ಕೊಡಲಿ. ಅದೂ ಆಗದಿದ್ದರೆ ಎರಡೂ ಕೈ ಎತ್ತಿ, ನನ್ನಲ್ಲಿ ಭಕ್ತಿ ಬಿಟ್ಟು ಏನೂ ಇಲ್ಲ ಎಂದು ಪಿತೃಗಳಿಗೆ ಹೇಳಲಿ ಎನ್ನುತ್ತದೆ ವಿಷ್ಣುಪುರಾಣ. ಹೊಟ್ಟೆಪಾಡಿಗಾಗಿ ಕಟ್ಟಿದ ವಿಧಿ ಹೀಗೆ ಹೇಳುತ್ತಿತ್ತೇ?

ಕೊನೆಗೆ ನಿಮ್ಮ ನಿಜವಾದ ಪ್ರಶ್ನೆ, ಬಲವಂತ ಮಾಡಲೇ ಎಂಬುದು. ಬೇಡ ತಾಯಿ. ಪಿತೃದೋಷ, ಪಿತೃಶಾಪ ಅಂತ ಹೆದರಿಸಲೂ ಬೇಡಿ. ಅಶ್ರದ್ಧೆಯಿಂದ ಕೊಟ್ಟದ್ದು ಇಲ್ಲಿಗೂ ಇಲ್ಲ, ಅಲ್ಲಿಗೂ ಇಲ್ಲ ಎಂದು ಗೀತೆಯ 17ನೇ ಅಧ್ಯಾಯವೇ ಹೇಳುತ್ತದೆ. ಹೆದರಿ ಕೂತವನಲ್ಲಿ ಭಯ ಇರುತ್ತದೆ, ಶ್ರದ್ಧೆ ಇರುವುದಿಲ್ಲ. ಅದೇ ಹೊತ್ತಿಗೆ, ಸಂಶಯ ಇದ್ದ ಮಾತ್ರಕ್ಕೆ ಶ್ರದ್ಧೆ ಇಲ್ಲ ಎಂದೂ ಅಲ್ಲ. ಕಠೋಪನಿಷತ್ತಿನ ನಚಿಕೇತನನ್ನು ನೆನೆಯಿರಿ. ಶ್ರದ್ಧೆ ಅವನನ್ನು ಹೊಕ್ಕಿತು ಎನ್ನುತ್ತದೆ ಉಪನಿಷತ್ತು. ಹೊಕ್ಕ ಮೇಲೆ ಅವನು ಮಾಡಿದ್ದೇನು? ಅಪ್ಪ ದಾನ ಕೊಡುತ್ತಿದ್ದ ಬಡಕಲು ಹಸುಗಳನ್ನು ನೋಡಿ ಪ್ರಶ್ನೆ ಎತ್ತಿದ. ಸತ್ತ ಮೇಲೆ ಮನುಷ್ಯ ಇರುತ್ತಾನೋ ಇಲ್ಲವೋ ಎಂದು ಯಮನನ್ನೇ ಕೇಳಿದ. ನಿಮ್ಮ ಮಗ “ಅಪ್ಪನಿಗೆ ತಲುಪುತ್ತಾ?” ಎಂದು ಕೇಳುವುದು ತಲುಪಲಿ ಎಂಬ ಆಸೆ ಇರುವುದರಿಂದಲೇ ಇರಬಹುದು.

ಹೀಗೆ ಮಾಡಿ. ತಿಥಿಗೆ ಮೊದಲೇ ಒಂದು ದಿನ ಪುರೋಹಿತರನ್ನು ಕರೆಸಿ, ಮಂತ್ರಗಳ ಅರ್ಥವನ್ನು ಮಗನಿಗೆ ಬಿಡಿಸಿ ಹೇಳಿಸಿ. ಮನೆಯಲ್ಲಿ ಪೂರ್ಣ ವಿಧಿ ಕಷ್ಟವಾದರೆ, ಅಡಿಗೆಯ ಬದಲು ಅಕ್ಕಿಬೇಳೆ ಕೊಡುವ ಆಮಶ್ರಾದ್ಧ, ದಕ್ಷಿಣೆ ಕೊಡುವ ಹಿರಣ್ಯಶ್ರಾದ್ಧವೂ ಶಾಸ್ತ್ರದಲ್ಲಿವೆ. ನಿಮ್ಮ ಸಂಪ್ರದಾಯಕ್ಕೆ ಯಾವುದು ಸರಿ ಎಂದು ಅವರನ್ನೇ ಕೇಳಿ. ಮಗನಿಗೆ ಇಷ್ಟೇ ಹೇಳಿ: “ನಂಬ್ತೀನಿ ಅಂತ ನೀನು ಹೇಳಬೇಕಾಗಿಲ್ಲ. ಗೊತ್ತಿಲ್ಲ ಅಂತಲೇ ಕೂತ್ಕೋ. ಅಪ್ಪನ ಹೆಸರು, ಗೋತ್ರ ಬಾಯಿತುಂಬ ಹೇಳಿ ಎಳ್ಳುನೀರು ಬಿಡು.” ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದುಕೊಂಡೇ ಪ್ರೀತಿಯಿಂದ ಮಾಡಿದರೆ ಅದು ನಾಟಕವಾಗುವುದಿಲ್ಲ. ಆಮೇಲೂ ಅವನು ಒಪ್ಪದಿದ್ದರೆ ಆ ದಿನ ನೀವೇ ಯಜಮಾನರ ಹೆಸರಿನಲ್ಲಿ ಹಸಿದವರೊಬ್ಬರಿಗೆ ಉಣಿಸಿ, ಬಾಗಿಲು ತೆರೆದಿಡಿ. ತಿಥಿ ಪ್ರತಿವರ್ಷವೂ ಬರುತ್ತದೆ.