ನೆಲ ನಿಜವಾಗಿಯೂ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಆಡದ ಕನ್ನಡಿಗರ ಮನೆ ಇದ್ದೀತೆ? ಪರೀಕ್ಷೆಯಲ್ಲಿ ಸೋತ ಹುಡುಗ ಪ್ರಶ್ನೆಪತ್ರಿಕೆಯನ್ನು ದೂರಿದಾಗ ಆಡುತ್ತೇವೆ. ಹೋಳಿಗೆ ಹರಿದಾಗ ಕಣಕವನ್ನು ದೂರಿದವರಿಗೂ ಆಡುತ್ತೇವೆ. ಆಡಿದೊಡನೆ ವಾದ ಮುಗಿಯುತ್ತದೆ, ಗೆಲುವು ನಮ್ಮದಾಗುತ್ತದೆ. ಆದರೆ ಒಮ್ಮೆಯಾದರೂ ಬಗ್ಗಿ ಆ ನೆಲವನ್ನು ನೋಡಿದವರುಂಟೆ? ನಾವಂತೂ ನೋಡಿರಲಿಲ್ಲ. ನಮ್ಮ ಮನೆಯ ಒಂದು ಗಿಟಾರ್ ನಮ್ಮನ್ನು ಬಗ್ಗಿಸಿ ನೋಡುವಂತೆ ಮಾಡಿತು.

ದಿಲ್ಲಿಯಲ್ಲಿ ಬೆಳೆದ ನಮ್ಮ ಮಗನಿಗೆ ವೀಣೆ ಕಲಿಸಬೇಕೆಂಬುದು ನಮ್ಮ ಆಸೆ. ಅವನು ಆರಿಸಿಕೊಂಡದ್ದು ಎಲೆಕ್ಟ್ರಿಕ್ ಗಿಟಾರ್. ಆಗಲಿ, ಅದೂ ತಂತಿವಾದ್ಯವೇ ಎಂದು ಸಮಾಧಾನ ಮಾಡಿಕೊಂಡು, ಯಾರೋ ನುಡಿಸಿ ಬಿಟ್ಟಿದ್ದ ಹಳೆಯದೊಂದನ್ನು ಕೊಂಡುಕೊಟ್ಟೆವು. ಕೆಲವು ತಿಂಗಳು ಉತ್ಸಾಹದಿಂದ ನುಡಿಸಿದ. ಮಳೆಗಾಲ ಬಂದಾಗ ದೂರು ಶುರುವಾಯಿತು: “ತಂತಿ ಒತ್ತೋಕೇ ಆಗೋದಿಲ್ಲಮ್ಮ, ಬೆರಳು ತುಂಬ ನೋಯುತ್ತೆ.” ವೈಣಿಕರ ಬೆರಳ ತುದಿ ನೋಡಿದ್ದೀಯಾ, ಹೇಗೆ ಗಟ್ಟಿಯಾಗಿರುತ್ತದೆ ಎಂದು ಕೇಳಿದೆವು. ಕಷ್ಟಪಡದೆ ಯಾವ ವಿದ್ಯೆ ಬರುತ್ತದೆ ಎಂದೆವು. ಕೊನೆಗೆ ಮೇಲಿನ ಗಾದೆಯನ್ನೂ ಆಡಿದೆವು. ಹುಡುಗ ಎದುರಾಡಲಿಲ್ಲ. ವಾದ್ಯವನ್ನು ಗೌಸಿಗೆ ಹಾಕಿ ಬೀರುವಿನ ಹಿಂದೆ ನಿಲ್ಲಿಸಿದ. ಮೂರು ತಿಂಗಳು ಅದು ಅಲ್ಲಿಯೇ ಇತ್ತು. ಈಗಿನ ಮಕ್ಕಳಿಗೆ ಛಲವಿಲ್ಲ ಎಂದು ನಾವು ಬಂದವರ ಮುಂದೆಲ್ಲ ಹೇಳಿಕೊಂಡು ತಿರುಗಿದೆವು.

ದೀಪಾವಳಿಗೆ ಮನೆ ಸಾರಿಸಿ ಗುಡಿಸುವಾಗ, ಮಾರಿಬಿಡೋಣವೆಂದು ಅದನ್ನು ವಾದ್ಯ ರಿಪೇರಿ ಮಾಡುವ ಒಬ್ಬರ ಬಳಿಗೆ ಒಯ್ದೆವು. ಹುಡುಗ ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡುತ್ತಾನೆಂದು ಆತ ಕೇಳಲಿಲ್ಲ. ಚಿಕ್ಕದೊಂದು ಉಕ್ಕಿನ ಅಳತೆಪಟ್ಟಿ ತೆಗೆದು, ಹನ್ನೆರಡನೆಯ ಮೆಟ್ಟಿಲಿಗೂ ಅದರ ಮೇಲಿನ ದಪ್ಪ ತಂತಿಗೂ ನಡುವೆ ಎಷ್ಟು ಸಂದಿದೆಯೆಂದು ಅಳೆದ. ಸುಮಾರು 2 ಮಿಲಿಮೀಟರ್ ಇರಬೇಕಾದಲ್ಲಿ ಮೂರೂವರೆ ಇತ್ತು. ಬಡಗಿಗಳು ಹಲಗೆಯನ್ನು ಒಂದು ಕಣ್ಣು ಮುಚ್ಚಿ ನೋಡುವಂತೆ ಗಿಟಾರಿನ ದಂಡಿಯನ್ನು ಉದ್ದಕ್ಕೂ ನೋಡಿದ. ಬೆರಳಿನ ದೋಷವಲ್ಲ, ದಂಡಿ ಬಾಗಿದೆ ಎಂದ.

ಇದರ ಕಾರಣ ತಿಳಿಯುವಂಥದೇ. ಗಿಟಾರಿನ ಆರು ಉಕ್ಕಿನ ತಂತಿಗಳನ್ನು ಶ್ರುತಿಗೆ ಏರಿಸಿದಾಗ ಅವೆಲ್ಲ ಸೇರಿ ಸುಮಾರು 40ರಿಂದ 50 ಕಿಲೋ ಭಾರದಷ್ಟು ಬಲದಿಂದ ದಂಡಿಯನ್ನು ಎಳೆಯುತ್ತವೆ. ಹಗಲೂ ರಾತ್ರಿ ಎಳೆದ ಮರ ಬಿಲ್ಲಿನಂತೆ ಬಾಗುತ್ತದೆ. ಹವೆಯ ತೇವ ಏರಿಳಿದಾಗ ಮರ ಉಬ್ಬಿ ಕುಗ್ಗುವುದರಿಂದ ಆ ಬಾಗು ಬದಲಾಗುತ್ತಲೂ ಇರುತ್ತದೆ. ಈ ಎಳೆತಕ್ಕೆ ಎದುರಾಗಿ ನಿಲ್ಲಲೆಂದು ದಂಡಿಯೊಳಗೆ ಉಕ್ಕಿನ ಒಂದು ಸಲಾಕೆಯನ್ನು ಹುದುಗಿಸಿರುತ್ತಾರೆ. ಅದಕ್ಕೆ ಟ್ರಸ್ ರಾಡ್ ಎಂದು ಹೆಸರು. ಅಮೆರಿಕದ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1923ರಲ್ಲಿ. ಮೇಪಲ್ ಮರವೇ ಸಾಕಷ್ಟು ಗಟ್ಟಿ, ಸಲಾಕೆ ಯಾಕೆ ಎಂದು ಲಿಯೊ ಫೆಂಡರ್ ಮೊದಲು ಭಾವಿಸಿದ್ದರು. 1950ರಲ್ಲಿ ಹೊರಬಂದ ಅವರ ಮೊದಮೊದಲ ಎಸ್ಕ್ವೈರ್ ಗಿಟಾರುಗಳ ದಂಡಿಗಳು ಬಾಗಿದವು. ಬಹಳ ತಡವಾಗದೆ ಅವರೂ ಸಲಾಕೆ ಹಾಕಿದರು. ಗಟ್ಟಿಯಾದದ್ದಕ್ಕೂ ಒಳಗಿನಿಂದ ಆಸರೆ ಬೇಕು.

ರಿಪೇರಿಯವನು ಕೆಲಸ ಮಾಡಿದ ರೀತಿಯನ್ನು ನಾವು ಮರೆಯುವಂತಿಲ್ಲ. ತಂತಿಯನ್ನು ಮೊದಲ ಮೆಟ್ಟಿಲಿನಲ್ಲೂ ಕೊನೆಯ ಮೆಟ್ಟಿಲಿನಲ್ಲೂ ಒತ್ತಿ ಹಿಡಿದು, ನಡುವೆ ಎಂಟನೆಯ ಮೆಟ್ಟಿಲಿನ ಹತ್ತಿರ ಉಳಿದ ಸಂದಿಯನ್ನು ನೋಡಿದ. ಸಲಾಕೆಯ ತುದಿಯ ತಿರುಪನ್ನು ಕಾಲು ಸುತ್ತು ಬಿಗಿದ. ಅಷ್ಟೆ. ಮತ್ತೆ ಶ್ರುತಿ ಸೇರಿಸಿ ಅಳೆದ. ಇನ್ನೊಂದಿಷ್ಟು ತಿರುಗಿಸಬಾರದೆ ಎಂದೆವು. ಅವಸರ ಮಾಡಿದರೆ ಸಲಾಕೆಯೇ ಮುರಿದೀತು, ಮರಕ್ಕೆ ಹೊಂದಿಕೊಳ್ಳಲು ಒಂದು ರಾತ್ರಿ ಕೊಡಿ ಎಂದ. ಮರುದಿನ ಹೋದಾಗ, ಪೂರ್ತಿ ನೆಟ್ಟಗೆ ಮಾಡಿಬಿಡಿ ಎಂದೆವು. ಆತ ನಕ್ಕ. ನುಡಿಯುವ ತಂತಿ ಅಲುಗಾಡುತ್ತದೆ, ಅದಕ್ಕೆ ಜಾಗ ಬೇಕು. ದಂಡಿ ಕಡ್ಡಿಯಂತೆ ನೆಟ್ಟಗಾದರೆ ತಂತಿ ಮೆಟ್ಟಿಲಿಗೆ ತಗುಲಿ ಗರಗರ ಎನ್ನುತ್ತದೆ. ಕಾಲು ಮಿಲಿಮೀಟರಿನಷ್ಟು ಬಾಗು ಇರಲೇಬೇಕು ಎಂದ. ಆ ಬಾಗು ಸರಿಯಾದ ಮೇಲೆಯೇ ಕುದುರೆಯ ತಿರುಪುಗಳನ್ನು ತಿರುಗಿಸಿ ತಂತಿಗಳನ್ನು ಇಳಿಸಿದ.

ಇಲ್ಲಿ ಓದುಗರು ಒಂದು ಪ್ರಶ್ನೆ ಕೇಳಬಹುದು. ಹೀಗೆ ಕಷ್ಟವನ್ನೆಲ್ಲ ತೆಗೆದುಕೊಟ್ಟರೆ ಮಕ್ಕಳು ಕೆಡುವುದಿಲ್ಲವೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಆತ ಯಾವುದನ್ನು ಮುಟ್ಟಲಿಲ್ಲ ಎಂಬುದನ್ನು ಗಮನಿಸಬೇಕು. ಶ್ರುತಿಯನ್ನು ಇಳಿಸಲಿಲ್ಲ. ತಂತಿಗಳನ್ನು ಸಡಿಲ ಬಿಟ್ಟಿದ್ದರೆ ಬೆರಳಿಗೆ ಸುಖವಾಗುತ್ತಿತ್ತು, ಸ್ವರ ಮಾತ್ರ ಕೆಡುತ್ತಿತ್ತು. ಕಷ್ಟದಲ್ಲಿ ಎರಡು ಬಗೆ. ಒಂದು ವಿದ್ಯೆಯೊಂದಿಗೆ ಬಂದದ್ದು. ಅದನ್ನು ತೆಗೆದರೆ ವಿದ್ಯೆಯೇ ಹೋಗುತ್ತದೆ. ಇನ್ನೊಂದು ಬಾಗಿದ ದಂಡಿಯಿಂದ ಬಂದದ್ದು. ಅದನ್ನು ಸಹಿಸಿದ್ದರಿಂದ ಯಾರೂ ದೊಡ್ಡವರಾಗುವುದಿಲ್ಲ. ಎರಡನೆಯದನ್ನು ಮೊದಲನೆಯದೆಂದು ತಿಳಿದು ಉಪದೇಶ ಮಾಡುವುದು ಬರಿಯ ತಪ್ಪು ತಿಳಿವಳಿಕೆಯಲ್ಲ, ಅನ್ಯಾಯ ಎಂದು ನಮಗೆ ತೋರುತ್ತದೆ.

ವಿನಯಪಿಟಕದಲ್ಲಿ ಸೋಣನೆಂಬ ಭಿಕ್ಷುವಿನ ಕಥೆಯಿದೆ. ಕಾಲು ಒಡೆದು ರಕ್ತ ಸೋರುವಷ್ಟು ಕಠಿಣ ಸಾಧನೆ ಮಾಡಿಯೂ ಫಲ ಕಾಣದೆ ಆತ ಮನೆಗೆ ಮರಳುವ ಯೋಚನೆಯಲ್ಲಿದ್ದ. ಬುದ್ಧ ಅವನನ್ನು ಹೇಡಿ ಎನ್ನಲಿಲ್ಲ. ಹಿಂದೆ ವೀಣೆ ನುಡಿಸುತ್ತಿದ್ದೆಯಲ್ಲ, ತಂತಿ ಅತಿ ಬಿಗಿಯಾದಾಗ, ಅತಿ ಸಡಿಲವಾದಾಗ ಅದು ಸರಿಯಾಗಿ ನುಡಿಯುತ್ತಿತ್ತೆ ಎಂದು ವಿಚಾರಿಸಿದ. ಮಧ್ಯಮ ಮಾರ್ಗದ ಪಾಠವೆಂದು ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಮಗೆ ಈಗ ಹಿಡಿಸುವುದು ಇನ್ನೊಂದು ಸಂಗತಿ: ಸೋತವನನ್ನು ಬಯ್ಯುವ ಮೊದಲು ಅಲ್ಲಿ ವಾದ್ಯದ ವಿಚಾರಣೆ ನಡೆಯಿತು.

ಹೊರನಾಡಿನಲ್ಲಿರುವ ನಮಗೆ ಇದು ಗಿಟಾರಿನ ಮಾತು ಮಾತ್ರವಲ್ಲ. ನಮ್ಮ ಮಕ್ಕಳು ಕನ್ನಡ ಓದುವಾಗ ತಡವರಿಸುತ್ತಾರೆ. ಅಭಿಮಾನವಿಲ್ಲ ಎಂದು ತೀರ್ಪು ಕೊಡುತ್ತೇವೆ. ಒತ್ತಕ್ಷರ ಕಷ್ಟ ನಿಜ, ಆದರೆ ಅದು ಶ್ರುತಿ, ಅದನ್ನು ಇಳಿಸುವಂತಿಲ್ಲ. ಹಳ್ಳಿ ಎನ್ನಲು ಹೋಗಿ ಹಲ್ಲಿ ಎಂದ ಮಗುವನ್ನು ನೋಡಿ ನೆಂಟರ ಮುಂದೆ ನಾವು ನಕ್ಕದ್ದು ಮಾತ್ರ ಬಾಗಿದ ದಂಡಿ. ವರ್ಷವಿಡೀ ಜೊತೆಗೆ ಕೂತು ಒಂದು ಪುಟ ಓದದೆ ರಾಜ್ಯೋತ್ಸವದ ದಿನ ಭಾಷಣ ಮಾಡಿಸುವುದೂ ಅದೇ. ಇದನ್ನು ಒಂದೇ ದಿನದಲ್ಲಿ ಸರಿಪಡಿಸುತ್ತೇವೆಂದು ಹೊರಟರೆ ಏನಾದರೂ ಮುರಿದೀತು. ದಿನಕ್ಕೆ ಕಾಲು ಸುತ್ತು ಸಾಕು.

ಎಲ್ಲ ಸಲವೂ ನೆಲವೇ ಡೊಂಕು ಎಂದು ನಾವು ಹೇಳುತ್ತಿಲ್ಲ. ಎಷ್ಟೋ ಸಲ ನೆಲ ಸರಿಯಾಗಿಯೇ ಇರುತ್ತದೆ, ಕುಣಿಯುವವರು ಇನ್ನೂ ಕಲಿಯಬೇಕಾಗಿರುತ್ತದೆ. ಆದರೆ ಅದು ಗೊತ್ತಾಗುವುದೂ ಬಗ್ಗಿ ಅಳೆದ ಮೇಲೆಯೇ. ಗಾದೆಯನ್ನು ನಿಂತಲ್ಲಿಂದಲೇ ಹೇಳಿಬಿಡಬಹುದು, ಅಳೆಯಬೇಕಾದರೆ ಬಗ್ಗಲೇಬೇಕು.

ಗಿಟಾರನ್ನು ನಾವು ಮಾರಲಿಲ್ಲ. ಮನೆಗೆ ತಂದು, “ನೀನು ಹೇಳಿದ್ದೇ ಸರಿ ಕಣೋ, ದಂಡಿ ಬಾಗಿತ್ತು” ಎಂದು ಹುಡುಗನ ಕೈಗೆ ಕೊಟ್ಟೆವು. ಆತ ಏನೂ ಅನ್ನಲಿಲ್ಲ, ಕೂತು ಶ್ರುತಿ ಮಾಡತೊಡಗಿದ. ಬೆರಳು ಈಗಲೂ ನೋಯುತ್ತದಂತೆ. ಆ ನೋವಿನ ಬಗ್ಗೆ ಅವನದೇನೂ ದೂರಿಲ್ಲ. ಬೀರುವಿನ ಹಿಂದೆ ಕಳೆದುಹೋದ ಆ ಮೂರು ತಿಂಗಳ ಲೆಕ್ಕ ಮಾತ್ರ ನಮ್ಮ ಹೆಸರಿನಲ್ಲೇ ಉಳಿದಿದೆ.