ಹೇಮಗುಡ್ಡದಲ್ಲಿ ಒಡೆತನದ ವಿಚಾರ

ಮನೆಯೊಂದನ್ನು ಕಟ್ಟಿಸಿದವನು ಕಾಲವಶನಾಗಿ, ಆತನ ಮಕ್ಕಳೂ ಮೊಮ್ಮಕ್ಕಳೂ ಒಬ್ಬೊಬ್ಬರಾಗಿ ಗತಿಸಿದ ಬಳಿಕ, ಆ ಮನೆ ಯಾರದೆಂಬ ಪ್ರಶ್ನೆಯು ನ್ಯಾಯಾಲಯದಲ್ಲಿ ಕಾಗದಪತ್ರಗಳಿಂದ ತೀರಬಹುದು. ಧರ್ಮದ ಮುಂದೆ ಅದು ಅಷ್ಟು ಸುಲಭವಾಗಿ ತೀರತಕ್ಕದ್ದಲ್ಲ. ಗಂಗಾವತಿ ಸೀಮೆಯ ಹೇಮಗುಡ್ಡದ ಕೋಟೆಯನ್ನು ಕಂಡವರಲ್ಲಿ ಈ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಈ ದುರ್ಗವನ್ನು ಜನರು ಕಂಪಿಲಿಯ ಅರಸ ಕಂಪಿಲರಾಯನ ಮನೆತನಕ್ಕೂ ಆತನ ಮಗ ಗಂಡುಗಲಿ ಕುಮಾರರಾಮನಿಗೂ ಸೇರಿಸಿ ಹೇಳುತ್ತಾರೆ. ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಮೇಲೆ ದಂಗೆಯೆದ್ದು ಸೋತ ಬಹಾವುದ್ದೀನ ಗುರ್ಶಾಸ್ಪನು ಓಡಿಬಂದು ಮೊರೆಹೊಕ್ಕಾಗ, ಮತದಿಂದಲೂ ಕುಲದಿಂದಲೂ ಪರಕೀಯನಾದ ಆತನನ್ನು ಒಪ್ಪಿಸಿಕೊಟ್ಟು ರಾಜ್ಯವನ್ನುಳಿಸಿಕೊಳ್ಳುವ ದಾರಿ ಕಂಪಿಲನಿಗೆ ತೆರೆದೇ ಇದ್ದಿತು. ಆತನು ಆ ದಾರಿಯನ್ನು ಹಿಡಿಯಲಿಲ್ಲ. ಶರಣಾಗತನನ್ನು ಹೊಯ್ಸಳ ದೊರೆಯ ಬಳಿಗೆ ಸಾಗಹಾಕಿ, ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದ ತರುವಾಯ, ತಾನು ರಣದಲ್ಲಿ ಮಡಿದನು. 1327ರಲ್ಲಿ ಕಂಪಿಲಿಯ ರಾಜ್ಯ ಅಳಿಯಿತು. ಆ ಶತಮಾನದ ಪ್ರವಾಸಿ ಇಬ್ನ್ ಬತೂತನೂ ಈ ವೃತ್ತಾಂತವನ್ನು ಬರೆದಿಟ್ಟಿದ್ದಾನೆ. ಮನೆಯಿರುವುದು ಆಶ್ರಯಕ್ಕಾಗಿ ಎಂದಾದರೆ, ಆಶ್ರಿತನನ್ನು ತೆತ್ತು ಉಳಿಸಿಕೊಂಡ ಮನೆಯು ಮನೆಯೆನಿಸಿಕೊಳ್ಳುತ್ತಿದ್ದಿತೆ? ಕಂಪಿಲನು ಕಳೆದುಕೊಂಡದ್ದು ಕಲ್ಲುಮಣ್ಣನ್ನು ಮಾತ್ರವೆಂದು ನಾನು ನಂಬಿದ್ದೇನೆ.

ಅರಸುಮನೆತನ ಹೋಗಿ ಸುಮಾರು ಏಳು ಶತಮಾನ ಸಂದರೂ ಹೇಮಗುಡ್ಡದ ದುರ್ಗಾದೇವಿಗೆ ಪೂಜೆ ತಪ್ಪಿಲ್ಲ. ಅಕ್ಕಿ, ಕೊಬ್ಬರಿಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಎಲೆಯಡಿಕೆ ಇವುಗಳನ್ನು ಹಸಿರು ಕಣದ ಮೇಲಿಟ್ಟು, ಸೆರಗನ್ನು ತಲೆಯ ಮೇಲೆಳೆದುಕೊಂಡು ದೇವಿಗೆ ಉಡಿ ತುಂಬುವ ಒಕ್ಕಲಗಿತ್ತಿಯ ಬಳಿ ಈ ಕೋಟೆಯ ಹಕ್ಕುಪತ್ರವಿಲ್ಲ. ಆದರೂ ಇದು ತನ್ನ ತವರೆಂಬ ಭಾವ ಆಕೆಯ ಮುಖದಲ್ಲಿ ಸ್ಪಷ್ಟವಾಗಿರುತ್ತದೆ.

ವಿಜಯನಗರಕ್ಕೆ ಬಂದ ಪಾಯೆಸ್, ನೂನಿಜ್ ಮೊದಲಾದ ಪ್ರವಾಸಿಗಳ ನಾಡಾದ ಪೋರ್ಚುಗಲ್ ದೇಶದಲ್ಲಿ ಇದೇ ಪ್ರಶ್ನೆಗೆ ಬೇರೊಂದು ಉತ್ತರವನ್ನು ಹುಡುಕಿದ್ದರು. ಅಲ್ಲಿಯ ಗ್ರಾಮಾಂತರದ ಕುಲೀನರು ಹೆಬ್ಬಾಗಿಲ ಮೇಲೆ ವಂಶಲಾಂಛನವನ್ನು ಕೆತ್ತಿಸಿ, ಮಗ್ಗುಲಿಗೊಂದು ಪ್ರಾರ್ಥನಾಮಂದಿರವನ್ನು ಕಟ್ಟಿಸಿ, ಭೂಮಿಕಾಣಿಯೆಲ್ಲ ಒಡೆಯದೆ, ಮಾರಾಟವಾಗದೆ ಸಾಮಾನ್ಯವಾಗಿ ಹಿರಿಯ ಮಗನಿಗೇ ಸಲ್ಲತಕ್ಕದ್ದೆಂದು ವಿಧಿಸುತ್ತಿದ್ದರು. ಅನೇಕ ಕಡೆ ಅದನ್ನುಣ್ಣುವವನು ಮೂಲಪುರುಷನ ಆತ್ಮಶಾಂತಿಗಾಗಿ ಪೂಜೆ ನಡೆಯಿಸಬೇಕೆಂಬ ಕಟ್ಟಳೆಯೂ ಇದ್ದಿತು. ಆ ಪದ್ಧತಿ 1863ರಲ್ಲಿ ರದ್ದಾಯಿತು. ರದ್ದಾದದ್ದು ನ್ಯಾಯವೇ; ಕಿರಿಯರನ್ನೂ ಹೆಣ್ಣುಮಕ್ಕಳನ್ನೂ ಬರಿಗೈಯಾಗಿಸಿ ಒಬ್ಬನನ್ನು ಪೋಷಿಸುವ ಪುಣ್ಯ ಎಂಥ ಪುಣ್ಯ! ಆದರೆ ಆಸ್ತಿಯ ಜೊತೆಗೆ ಒಂದು ಋಣವೂ ಕೈಸೇರುತ್ತದೆಂಬ ಅದರ ತಿರುಳು ಸುಳ್ಳಲ್ಲ. ತಾನು ಕೊಡುವುದಕ್ಕಿಂತ, ಪರರು ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನದೆಂದು ನಮ್ಮ ದಾನಶಾಸನಗಳೂ ಸಾರುತ್ತ ಬಂದಿವೆ.

ನಮ್ಮ ನಾಡಿನ ದೇಸಾಯರ, ಗೌಡರ ವಾಡೆಗಳ ಗತಿಯೂ ಇದಕ್ಕೆ ದೂರವಾದುದಲ್ಲ. 1949ರಲ್ಲಿ ಹೈದರಾಬಾದ್ ಸಂಸ್ಥಾನದ ಜಾಗೀರುಗಳು ರದ್ದಾದುವು. ಮುಂದೆ ಇನಾಮುಗಳೂ ಹೋದುವು. ಉಳುವವನಿಗೆ ಹೊಲ ಸಿಕ್ಕಿತು. ಅದು ಸಲ್ಲತಕ್ಕ ಧರ್ಮ. ಆ ವಾಡೆಗಳಲ್ಲಿ ದರ್ಪವಿದ್ದಿತು, ಬಿಟ್ಟಿ ದುಡಿಮೆಯ ಬೆವರಿದ್ದಿತು. ಬರಗಾಲದಲ್ಲಿ ಹಗೇವು ತೆರೆಯಿಸಿ ಊರಿಗೆ ಜೋಳವನ್ನಳೆದ ಕೈಗಳೂ ಅಲ್ಲಿದ್ದುವು. ಎರಡನ್ನೂ ಮರೆಯದೆ ನೆನೆಯುವುದೇ ಪರಂಪರೆಗೆ ನಾವು ಸಲ್ಲಿಸತಕ್ಕ ಸತ್ಯ. ಪಡಸಾಲೆಯ ಕಂಬಗಳು, ಹೂಬಳ್ಳಿ ಕೆತ್ತಿದ ಬಾಗಿಲವಾಡ, ಹೊಗೆಯಿಂದ ಕಪ್ಪಾದ ದೇವರ ಮಾಡ: ಇವುಗಳಲ್ಲಿ ಒಡೆಯನ ಹಣವೆಷ್ಟೋ, ಹೆಸರಿಲ್ಲದ ಬಡಿಗನ ಪ್ರಾಣವೂ ಅಷ್ಟೇ ಸೇರಿದೆ.

ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಸೀಮೆಗಳಲ್ಲಿ ಇಂಥ ಮನೆಗಳಿಗೆ ವಾರಸುದಾರರಾಗಿರುವ ಮಹನೀಯರಲ್ಲಿ ನನ್ನ ಬಿನ್ನಹವಿಷ್ಟೆ: ಹಳೆಯ ಬಾಗಿಲನ್ನು ಕಳಚಿಕೊಂಡು ಹೋಗಲು ಪಟ್ಟಣದ ವ್ಯಾಪಾರಿ ಬಂದಾಗ ಬೆಲೆ ಹೇಳುವುದಕ್ಕೆ ಮುಂಚೆ ಊರಿನ ಹಿರಿಯರನ್ನೂ ಆ ಬಡಿಗನ ವಂಶದವರನ್ನೂ ಕರೆದು ಒಂದು ಮಾತು ಕೇಳಿರಿ.