ಆಟ ಯಾರ ಸೊತ್ತು?

2020ರ ಜುಲೈನಲ್ಲಿ ಅಮೆರಿಕದ ಟ್ವಿಟರ್‌ನಲ್ಲಿ 'ಫಿಕ್ಸ್ ಮ್ಯಾಡನ್ ಫ್ರಾಂಚೈಸ್' ಎಂಬ ಹ್ಯಾಶ್‌ಟ್ಯಾಗ್ ಭರ್ಜರಿಯಾಗಿ ಓಡಿತು. ಮ್ಯಾಡನ್ ಎಂದರೆ ಇಎ ಕಂಪನಿ ವರ್ಷಕ್ಕೊಂದರಂತೆ ಹೊರತರುವ ಅಮೆರಿಕನ್ ಫುಟ್‌ಬಾಲ್ ವಿಡಿಯೊ ಗೇಮ್. ಅದರ ಫ್ರಾಂಚೈಸ್ ವಿಭಾಗದಲ್ಲಿ ಆಡುವವರು ಒಂದು ತಂಡದ ಹೊಣೆ ಹೊತ್ತು, ಕಾಲೇಜು ಹುಡುಗರನ್ನು ಆರಿಸಿ, ಬೆಳೆಸಿ, ಹತ್ತಾರು ಸೀಸನ್‌ಗಳ ಕಾಲ ತಂಡ ಕಟ್ಟುತ್ತಾರೆ. ಹೊಸ ಆವೃತ್ತಿಯಲ್ಲಿ ಆ ವಿಭಾಗಕ್ಕೆ ಹೆಚ್ಚೇನೂ ಸೇರಿಲ್ಲವೆಂದು ಬಿಡುಗಡೆಗೆ ಮೊದಲೇ ಗೊತ್ತಾದಾಗ ಅಭಿಮಾನಿಗಳು ಸಿಡಿದೆದ್ದರು. ಕಂಪನಿ ಮಣಿಯಿತು. ಬಿಡುಗಡೆಯ ನಂತರ ಅಪ್‌ಡೇಟ್‌ಗಳು ಬಂದವು. ಮರುವರ್ಷ ಎಳೆಯ ಆಟಗಾರರನ್ನು ಅಳೆದು ನೋಡುವ ಸ್ಕೌಟಿಂಗ್ ಹೊಸ ರೂಪ ಪಡೆಯಿತು.

ಅವರು ಕೇಳಿದ್ದು ಯಾವ ಹಕ್ಕಿನಿಂದ? ಇಷ್ಟವಿಲ್ಲದಿದ್ದರೆ ಕೊಳ್ಳಬೇಡಿ ಎಂದರೆ ಮುಗಿಯಿತಲ್ಲವೇ?

ಮುಗಿಯುವುದಿಲ್ಲ. ಸಂಸ್ಥೆಯೊಂದು ಹದಗೆಟ್ಟಾಗ ಜನರ ಮುಂದೆ ಎರಡು ದಾರಿಗಳಿರುತ್ತವೆ ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಬರೆದರು: ಬಿಟ್ಟು ನಡೆಯುವುದು, ಇಲ್ಲವೇ ದನಿಯೆತ್ತುವುದು. ಮ್ಯಾಡನ್ ಅಭಿಮಾನಿಗೆ ಮೊದಲ ದಾರಿ ಮುಚ್ಚಿಹೋಗಿದೆ. 2004ರಲ್ಲಿ 'ಇಎಸ್‌ಪಿಎನ್ ಎನ್‌ಎಫ್‌ಎಲ್ 2ಕೆ5' ಎಂಬ ಎದುರಾಳಿ ಆಟ 20 ಡಾಲರಿಗೇ ಮಾರುಕಟ್ಟೆಗೆ ಬಂದು ಇಎ ಕೂಡ ಬೆಲೆ ಇಳಿಸುವಂತೆ ಮಾಡಿತ್ತು. ಅದೇ ಡಿಸೆಂಬರಿನಲ್ಲಿ ಇಎ ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಜೊತೆ ಏಕಸ್ವಾಮ್ಯದ ಒಪ್ಪಂದ ಮಾಡಿಕೊಂಡಿತು. ಅಲ್ಲಿಗೆ ಆ ಪೈಪೋಟಿ ನಿಂತಿತು. ಬೇರೆ ಅಂಗಡಿಯೇ ಇಲ್ಲದ ಊರಿನಲ್ಲಿ ಗಿರಾಕಿಗೆ ಉಳಿಯುವುದು ಬಾಯಿ ಮಾತ್ರ.

ಹಾಗೆಂದು ಹಕ್ಕು ಹುಟ್ಟುವುದು ದುಡ್ಡು ಕೊಟ್ಟದ್ದರಿಂದ ಮಾತ್ರವಲ್ಲ. 2021ರ ಸೆಪ್ಟೆಂಬರ್ 30ರಂದು ಕೊನಾಮಿ ಕಂಪನಿ 'ಇಫುಟ್‌ಬಾಲ್ 2022' ಎಂಬ ಸಾಕರ್ ಆಟವನ್ನು ಉಚಿತವಾಗಿಯೇ ಬಿಡುಗಡೆ ಮಾಡಿತು. ಹೆಸರಾಂತ ಆಟಗಾರರ ಮುಖಗಳು ವಿಕಾರವಾಗಿ ಕಂಡವು. ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಅದು ಅತ್ಯಂತ ಕಳಪೆ ಅಂಕದ ಆಟಗಳ ಸಾಲಿಗೆ ಬಿತ್ತು. ಪೈಸೆ ಕೊಡದವರ ಮುಂದೆ ಕಂಪನಿ ಕ್ಷಮೆ ಕೇಳಿತು. ತಿದ್ದಿದ ಆವೃತ್ತಿ ಬರಲು ಮುಂದಿನ ಏಪ್ರಿಲ್ ಆಯಿತು.

ಬೆಲೆ ತೆರದವನ ದೂರಿಗೂ ನ್ಯಾಯವಿದೆ ಎನ್ನಲು ಒಳ್ಳೆಯ ಆಧಾರ ತತ್ವಶಾಸ್ತ್ರಜ್ಞ ಅಲಸ್ಡೇರ್ ಮ್ಯಾಕಿಂಟೈರ್ ಅವರ 'ಆಫ್ಟರ್ ವರ್ಚ್ಯೂ' ಪುಸ್ತಕದಲ್ಲಿ ಸಿಗುತ್ತದೆ. ಅಲ್ಲಿ ಒಂದು ಮಗುವಿಗೆ ಮಿಠಾಯಿಯ ಆಸೆ ತೋರಿಸಿ ಚೆಸ್ ಕಲಿಸಲಾಗುತ್ತದೆ. ಮಿಠಾಯಿಗಾಗಿ ಆಡುವಷ್ಟು ದಿನ, ಸಿಕ್ಕಿಬೀಳದಿದ್ದರೆ ಮೋಸ ಮಾಡಿದರೂ ಮಗುವಿಗೆ ನಷ್ಟವಿಲ್ಲ. ಆಟದ ರುಚಿ ಹತ್ತಿದ ಮೇಲೆ ಮೋಸ ಮಾಡಿದರೆ ಕಳೆದುಕೊಳ್ಳುವುದು ತಾನೇ. ಮಿಠಾಯಿ ಹೊರಗಿನ ಫಲ, ಆಟದ ರುಚಿ ಒಳಗಿನದು; ಅದು ಬೆಲೆ ತೆರಲಿ ಬಿಡಲಿ, ಆಡುವವರೆಲ್ಲರ ಪಾಲು. ಸಂಸ್ಥೆಗಳಿಗೆ ಹೊರಗಿನ ಫಲ, ಅಂದರೆ ಹಣ, ಬೇಕೇ ಬೇಕು. ಆದರೆ ಅದರ ಹಸಿವು ಒಳಗಿನ ಫಲವನ್ನು ತಿಂದುಹಾಕುವ ಭಯ ಯಾವಾಗಲೂ ಇದೆ.

ಇಎಯ 'ಅಲ್ಟಿಮೇಟ್ ಟೀಮ್' ನೋಡಿದರೆ ಈ ಭಯ ಅರ್ಥವಾಗುತ್ತದೆ. ದುಡ್ಡು ಕೊಟ್ಟು ಪ್ಯಾಕ್ ತೆರೆಯಬಹುದು. ಒಳಗೆ ಮೆಸ್ಸಿ ಇದ್ದಾನೋ, ಹೆಸರು ಕೇಳದ ಆಟಗಾರನಿದ್ದಾನೋ, ಅದೃಷ್ಟ. 2021ರ ಹಣಕಾಸು ವರ್ಷದಲ್ಲಿ ಈ ವಿಭಾಗವೊಂದೇ 162 ಕೋಟಿ ಡಾಲರ್ ತಂದಿತು. ತಂಡ ಕಟ್ಟುವ ತಾಳ್ಮೆಯ ವಿಭಾಗಗಳು ಸೊರಗಿದ್ದೇಕೆಂದು ಬೇರೆ ಹೇಳಬೇಕಿಲ್ಲ. ಬೆಲ್ಜಿಯಂನಲ್ಲಿ ಇಂಥ ಪ್ಯಾಕ್‌ಗಳು ಜೂಜು ಎಂದು 2018ರಲ್ಲಿ ಅಲ್ಲಿನ ಜೂಜು ನಿಯಂತ್ರಣ ಆಯೋಗ ಹೇಳಿತು. 2019ರ ಜನವರಿಯಲ್ಲಿ ಇಎ ಅಲ್ಲಿ ಪ್ಯಾಕ್ ಕೊಳ್ಳಲು ಬಳಸುವ ಫಿಫಾ ಪಾಯಿಂಟ್‌ಗಳ ಮಾರಾಟ ನಿಲ್ಲಿಸಿತು. ದನಿ ಕಾನೂನಿನ ಬಾಗಿಲನ್ನೂ ತಟ್ಟಬೇಕಾಗುತ್ತದೆ.

ಅಭಿಮಾನಿ ಆಟದ ಒಳಗಿನ ಫಲದ ಕಾವಲುಗಾರನಾದರೆ ಅವನ ಮೇಲೂ ಹೊಣೆ ಬೀಳುತ್ತದೆ. ಬಜೆಟ್ ನಿರ್ಧರಿಸದ ಪ್ರೋಗ್ರಾಮರ್‌ಗೆ ಬೈಗುಳ ಕಳಿಸುವುದು ಅನ್ಯಾಯ, ನಿಷ್ಫಲವೂ ಹೌದು. ಯಾವ ವಿಭಾಗದಲ್ಲಿ, ಎಲ್ಲಿ, ಏನು ಕೆಟ್ಟಿದೆ ಎಂದು ವಿಡಿಯೊ ಸಮೇತ ತೋರಿಸುವುದು, ತಿದ್ದುವವರೆಗೆ ಮುಂಗಡ ಬುಕಿಂಗ್ ಮಾಡದಿರುವುದು, ಇವುಗಳಿಗೆ ಉತ್ತರಿಸದೆ ಕಂಪನಿಗೆ ವಿಧಿಯಿಲ್ಲ. ಕಂಪನಿ ಕೈಬಿಟ್ಟ ಮೇಲೂ ಕೆಲವರು ದುಡಿಯುತ್ತಾರೆ. ಇಎಯ 'ಕ್ರಿಕೆಟ್ 07' ಬಂದದ್ದು 2006ರ ಕೊನೆಗೆ, ಐಪಿಎಲ್ ಹುಟ್ಟಿದ್ದು 2008ರಲ್ಲಿ. ಆದರೂ ಆ ಹಳೇ ಆಟದಲ್ಲಿ ಆರ್‌ಸಿಬಿ ಜೆರ್ಸಿ ತೊಟ್ಟವರು ಬ್ಯಾಟ್ ಬೀಸುತ್ತಾರೆ. ಅದು ಸಂಬಳವಿಲ್ಲದ ಅಭಿಮಾನಿಗಳು ಪ್ಯಾಚ್ ಬರೆದು ಮಾಡಿದ ಕೆಲಸ.

ಆದರೆ ಅಭಿಮಾನಿಯ ಹಕ್ಕೇ ಎಲ್ಲಕ್ಕಿಂತ ದೊಡ್ಡದಲ್ಲ. 1995ರಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದುಕೊಟ್ಟ ಎಡ್ ಒಬ್ಯಾನನ್ ವರ್ಷಗಳ ನಂತರ ವಿಡಿಯೊ ಗೇಮ್ ಒಂದರಲ್ಲಿ ತಮ್ಮನ್ನೇ ಕಂಡರು. ಅದೇ ಬೋಳುತಲೆ, ಅದೇ ಎಡಗೈ, ಅದೇ 31ನೇ ನಂಬರ್. ಹೆಸರು ಮಾತ್ರ ಇಲ್ಲ, ಹಣವಂತೂ ಇಲ್ಲವೇ ಇಲ್ಲ. 2009ರಲ್ಲಿ ಅವರು ಮೊಕದ್ದಮೆ ಹೂಡಿದರು. ಇಎ ಮತ್ತು ಪರವಾನಗಿ ನೀಡುತ್ತಿದ್ದ ಸಂಸ್ಥೆ ಸೇರಿ 4 ಕೋಟಿ ಡಾಲರಿಗೆ ರಾಜಿಯಾದವು. ಇದೇ ವಿವಾದದ ನಡುವೆ ಇಎಯ ಕಾಲೇಜು ಫುಟ್‌ಬಾಲ್ ಆಟಗಳ ಸರಣಿ 2013ರ ಆವೃತ್ತಿಗೇ ನಿಂತಿತು.

ಹನ್ನೊಂದು ವರ್ಷ ಅಭಿಮಾನಿಗಳು ಅದನ್ನು ಮರಳಿ ಕೇಳುತ್ತಲೇ ಇದ್ದರು. 2024ರ ಜುಲೈನಲ್ಲಿ 'ಕಾಲೇಜ್ ಫುಟ್‌ಬಾಲ್ 25' ಬಂತು. ಈ ಸಲ 10 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿ ಆಟಗಾರರು ಒಪ್ಪಿಗೆ ಕೊಟ್ಟರು. ತಲಾ 600 ಡಾಲರ್ ಮತ್ತು ಆಟದ ಒಂದು ಪ್ರತಿ ಅವರಿಗೆ ಸಿಕ್ಕಿತು. ಈ ಮೊತ್ತ ತೀರಾ ಕಡಿಮೆ ಎಂಬ ಟೀಕೆ ಆಗಲೇ ಕೇಳಿಬಂತು. ಸ್ಕೌಟಿಂಗ್‌ಗಾಗಿ ಹ್ಯಾಶ್‌ಟ್ಯಾಗ್ ಓಡಿಸಿದ ಅಭಿಮಾನಿಗಳು ಆ ಹುಡುಗರ ಪಾಲಿಗಾಗಿಯೂ ಅಷ್ಟೇ ಗಟ್ಟಿಯಾಗಿ ಕೂಗಬೇಕು.